ಬಾಗಿಲಿಂದಲೋ, ಕಿಟಕಿಯಿಂದಲೋ

ಗಸಾನ್, ಮರಿಂಡುಕೆ ದ್ವೀಪ
ನವೆಂಬರ್ 9, ಶುಕ್ರವಾರ ಮಧ್ಯಾಹ್ನ

ಸಮುದ್ರದ ಮೇಲಿರುವ ನನ್ನ ಮಗ ಡೆಲ್ಫಿನ್‌ಗೆ,

ಮೊದಲು ನಿನ್ನ ಬೆನ್ನು ಹೇಗಿದೆ, ಅದನ್ನು ಹೇಳು. ಎಂಜಿನ್ ಕೋಣೆಯ ಕಬ್ಬಿಣದ ಏಣಿ ಹತ್ತಿ ಇಳಿದು ಸೊಂಟ ಹಿಡಿದುಕೊಂಡಿದೆ ಎಂದು ಹೋದ ಸಲ ನರಳಿದ್ದೆ. ನಾನು ಕಟ್ಟಿಕೊಟ್ಟ ಎಣ್ಣೆಯನ್ನು ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಹಡಗಿನಲ್ಲಿರುವವರಿಗೆಲ್ಲ ಹಂಚಿ ಧರ್ಮಪ್ರಭು ಆಗಿದ್ದೀಯೋ? ಹೊಸ ಅಡುಗೆಯವನು ಅನ್ನವನ್ನು ಗಂಜಿ ಮಾಡಿ ಬಡಿಸುತ್ತಾನೆ ಎಂದಿದ್ದೆಯಲ್ಲ, ಅವನಿಗೆ ಯಾರಾದರೂ ಬುದ್ಧಿ ಹೇಳಿದರೋ? ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಮಳೆಗಿಂತ ಮೊದಲೇ ಮಳೆಯ ಸುದ್ದಿ ಹೇಳುತ್ತದೆ, ಉಳಿದಂತೆ ಏನೂ ಇಲ್ಲ. ನಿನ್ನ ಹೆಂಡತಿ ಮರಿಫೆಯೂ ಚೆನ್ನಾಗಿದ್ದಾಳೆ. ಕಾಲು ಊದಿಕೊಂಡು ತನ್ನ ಚಪ್ಪಲಿ ಹಿಡಿಸದೆ ನಿನ್ನ ಚಪ್ಪಲಿ ಮೆಟ್ಟಿಕೊಂಡು ಪಟಪಟ ಓಡಾಡುತ್ತಾಳೆ. ಹುಣಸೆ ಹುಳಿ ಹಿಂಡಿದ ಮೀನುಸಾರನ್ನು ಬಟ್ಟಲಿಗೇ ಬಾಯಿ ಹಚ್ಚಿ ಕುಡಿಯುತ್ತಾಳೆ. ಮೀನಿನ ಮುಳ್ಳನ್ನೆಲ್ಲ ನಾನೇ ಬಿಡಿಸಿ ಹಾಕುತ್ತೇನೆ, ಏಕೆಂದರೆ ತಟ್ಟೆ ಅವಳ ಕಣ್ಣಿಗೆ ಕಂಡರೂ ಕೈಗೆ ಎಟುಕುವುದಿಲ್ಲ, ಹೊಟ್ಟೆ ಅಷ್ಟು ಮುಂದೆ ಬಂದಿದೆ.

ಈ ಕಾಗದವನ್ನು ಅಂಗಡಿ ಬೆಬಾಂಗಳ ಮಗ ರೆನಾಂತೆಯ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನು ಇವತ್ತು ಸಂಜೆಯ ದೋಣಿಗೆ ಹೊರಟು, ಮನಿಲಾದಲ್ಲಿ ವಿಮಾನ ಹತ್ತಿ, ಭಾನುವಾರ ಸಿಂಗಾಪುರದಲ್ಲಿ ನಿನ್ನ ಹಡಗಿಗೇ ಸೇರುತ್ತಾನಂತೆ. ನೋಡು, ಊರಿನ ಹುಡುಗ ಜೊತೆಗೆ ಬಂದ ಎಂದು ಕುಣಿಯಬೇಡ, ಅವನಿಗೆ ಮೊದಲು ಕೆಲಸ ಕಲಿಸು. ಹಡಗು ಆಸ್ಟ್ರೇಲಿಯಾ ಬಿಟ್ಟ ಮೇಲೆ ನಿನ್ನ ಫೋನು ಸತ್ತುಬಿದ್ದಿದೆ. ದಡ ಕಂಡ ಕೂಡಲೇ ನೀನು ಹೆಂಡತಿಗೆ ಫೋನು ಹಚ್ಚುವವನೇ, ಅದು ನನಗೆ ಗೊತ್ತು. ಅದಕ್ಕೇ ಲಕೋಟೆಯ ಮೇಲೆ ‘ಫೋನು ಮಾಡುವ ಮೊದಲು ಓದು’ ಎಂದು ದಪ್ಪಕ್ಷರದಲ್ಲಿ ಬರೆದಿದ್ದೇನೆ. ರೆನಾಂತೆಗೂ ತಾಕೀತು ಮಾಡಿದ್ದೇನೆ, “ಅವನು ಪೂರ್ತಿ ಓದೋವರೆಗೂ ಬಿಸ್ಕತ್ತಿನ ಡಬ್ಬಿ ಕೊಡ್ಬೇಡ ಕಣೋ” ಎಂದು. ಇದನ್ನೆಲ್ಲ ಮೆಸೇಜಿನಲ್ಲಿ ಹಾಕಬಾರದಾಗಿತ್ತೇ ಎನ್ನಬೇಡ. ಮನೆಯಲ್ಲಿರುವುದು ಒಂದೇ ಫೋನು, ಅದು ಯಾವಾಗಲೂ ಮರಿಫೆಯ ಕೈಯಲ್ಲಿರುತ್ತದೆ, ನಾನು ಬರೆಯಬೇಕಾಗಿರುವುದೋ ಅವಳ ವಿಷಯ.

ನಿನ್ನ ಒಪ್ಪಂದ ಸೆಪ್ಟೆಂಬರಿಗೇ ಮುಗಿಯಬೇಕಾಗಿತ್ತು. ಬದಲಿ ಆಳು ಸಿಗಲಿಲ್ಲ ಎಂದು ಕಂಪನಿಯವರು ಮುಂದೆ ಹಾಕಿದರು. ನೀನು ಬರುವ ದಿನಕ್ಕೆಂದು ಹುಂಜವೊಂದನ್ನು ಕಟ್ಟಿ ಮೇಯಿಸಿದ್ದೆ, ಈಗ ಅದು ಕೊಬ್ಬಿ ನನ್ನನ್ನೇ ಕುಕ್ಕಲು ಬರುತ್ತದೆ. ಮರಿಫೆ ನಿನ್ನ ಹೆಸರು ಹೇಳಿ ಅಳುವುದಿಲ್ಲ, ಅವಳು ಹಾಗೆ ಅಳುವವಳೂ ಅಲ್ಲ. ಆದರೆ ಮಲಗುವಾಗ ಫ್ಯಾನನ್ನು ಆ ಕಡೆ ಈ ಕಡೆ ತಿರುಗುವಂತೆ ಇಟ್ಟುಕೊಳ್ಳುತ್ತಾಳೆ. ನೀನಿದ್ದಾಗ ಹಾಗೇ ತಾನೇ ಇಡುತ್ತಿದ್ದದ್ದು? ಈಗ ಗಾಳಿ ಅರ್ಧ ಹೊತ್ತು ಅವಳಿಗೆ ಬೀಸುತ್ತದೆ, ಅರ್ಧ ಹೊತ್ತು ನಿನ್ನ ಖಾಲಿ ದಿಂಬಿಗೆ ಬೀಸುತ್ತದೆ. ಕರೆಂಟು ದಂಡ, ನಿನ್ನ ಕಡೆಗೇ ತಿರುಗಿಸಿಟ್ಟುಕೋ ಮಗಳೇ ಎಂದು ಹೇಳಬೇಕು ಅನ್ನಿಸುತ್ತದೆ. ಬಾಗಿಲವರೆಗೆ ಹೋಗುತ್ತೇನೆ, ವಾಪಸು ಬರುತ್ತೇನೆ. ನಿನ್ನಪ್ಪ ಮೀನಿಗೆ ಹೋದಾಗಲೂ ನಾನು ಎರಡು ತಟ್ಟೆ ತೊಳೆದಿಡುತ್ತಿದ್ದೆ. ಆದರೆ ಅವರು ಬೆಳಗಾದರೆ ಬರುತ್ತಿದ್ದರು. ಹಡಗಿನವನ ಹೆಂಡತಿಯ ಕಾಯುವಿಕೆ ಬೇರೆಯೇ, ಅದನ್ನು ನಾನು ಈ ಹುಡುಗಿಯನ್ನು ನೋಡಿ ಈಗ ಕಲಿಯುತ್ತಿದ್ದೇನೆ.

ಈಗ ಮಗುವಿನ ವಿಷಯ. ನಿನ್ನ ಮಗು ಇನ್ನೂ ಕೂತೇ ಇದೆ. ತಲೆ ಮೇಲೆ, ಕುಂಡಿ ಕೆಳಗೆ, ಎರಡೂ ಕಾಲನ್ನು ನೆಟ್ಟಗೆ ಮೇಲಕ್ಕೆ ಮಡಚಿ ಪಾದವನ್ನು ಕಿವಿಯ ಹತ್ತಿರ ಇಟ್ಟುಕೊಂಡಿದೆಯಂತೆ. ಸ್ಕ್ಯಾನಿಂಗ್ ಚಿತ್ರದಲ್ಲಿ ನಾನೂ ನೋಡಿದೆ. ನನಗೆ ಮೋಡದಂಥದ್ದು ಬಿಟ್ಟು ಏನೂ ಕಾಣಲಿಲ್ಲ, ಆದರೂ “ಹೌದು ಹೌದು, ಅಪ್ಪನ ಮೂಗು” ಎಂದೆ. ನೀನು ಆಸ್ಟ್ರೇಲಿಯಾ ಬಿಡುವಾಗ ಇನ್ನೂ ತಿರುಗಬಹುದು ಎಂದಿದ್ದರಲ್ಲ, ತಿರುಗಲಿಲ್ಲ. ಹೋದ ವಾರ ಆಸ್ಪತ್ರೆಯಲ್ಲಿ ಹೊರಗಿನಿಂದಲೇ ಕೈಯಲ್ಲಿ ತಿರುಗಿಸಿ ನೋಡಿದರು. ಹೊಟ್ಟೆ ಸಡಿಲಾಗಲು ಒಂದು ಇಂಜೆಕ್ಷನ್ ಕೊಟ್ಟು, ಮಗುವಿನ ಎದೆ ಬಡಿತ ಕೇಳುವ ಯಂತ್ರವನ್ನು ಪಕ್ಕಕ್ಕಿಟ್ಟುಕೊಂಡು, ದೊಡ್ಡ ಡಾಕ್ಟರಮ್ಮ ಒಂದು ಕೈ ಮಗುವಿನ ತಲೆಗೆ, ಒಂದು ಕೈ ಕುಂಡಿಗೆ ಕೊಟ್ಟು ಮೆಲ್ಲಗೆ ಒತ್ತಿದರು. ಮರಿಫೆ ನನ್ನ ಬೆರಳುಗಳನ್ನು ಹಿಡಿದು ಹಿಂಡಿಬಿಟ್ಟಳು. ಮಗು ಅರ್ಧದವರೆಗೆ ಹೋಯಿತು. ಡಾಕ್ಟರಮ್ಮ “ಬಾ ಮರಿ, ಬಾ, ಬಾ” ಎಂದು ಕರೆಯುತ್ತಿದ್ದರು. ಅಷ್ಟರಲ್ಲಿ ಅದು ಜಾರಿ ತನ್ನ ಹಳೆಯ ಜಾಗಕ್ಕೇ ಹೋಗಿ ಕೂತುಕೊಂಡಿತು. ಇನ್ನೊಂದು ಸಲ ಒತ್ತಿದಾಗ ಎದೆ ಬಡಿತ ನಿಧಾನವಾಯಿತು, ಸಾಕು ಎಂದು ಬಿಟ್ಟುಬಿಟ್ಟರು. ಹಟದಲ್ಲಿ ಅದು ಯಾರ ಮಗು ಎಂದು ಬೇರೆ ಹೇಳಬೇಕಾಗಿಲ್ಲ.

ಆದ್ದರಿಂದ ಈಗ ಎರಡು ದಾರಿ ಉಳಿದಿದೆ. ಆಪರೇಷನ್ ಮಾಡಿ ತೆಗೆಯುವುದು, ಇಲ್ಲ ಕೂತ ಮಗುವನ್ನು ಕೂತಂತೆಯೇ ಹೆರುವುದು. ಯಾವುದೆಂದು ಮರಿಫೆ ಸೋಮವಾರ ಹೋಗಿ ಹೇಳಬೇಕು.

ಊರಿಗೆ ಸುದ್ದಿ ಹೇಗೆ ಹಬ್ಬಿತೋ ಕಾಣೆ. ಸುಹಿ ಹೊಟ್ಟೆಯಲ್ಲಿದ್ದಾನಂತೆ, ಓಸಾಂಗ್ ಅಜ್ಜಿಯ ಮನೆಯಲ್ಲಿ ಇನ್ನೊಬ್ಬ ಸುಹಿ ಹುಟ್ಟುತ್ತಾನಂತೆ ಎಂದು ನನ್ನ ಹೆಸರು ಹಿಡಿದು ಹಬ್ಬದ ಹಾಗೆ ಮಾತಾಡುತ್ತಿದ್ದಾರೆ. ನಿನಗೆ ಗೊತ್ತೇ ಇದೆಯಲ್ಲ, ಕಾಲು ಮುಂದಾಗಿಯೋ ಕುಂಡಿ ಮುಂದಾಗಿಯೋ ಲೋಕಕ್ಕೆ ಬಂದವರೇ ಸುಹಿ, ಅವರು ಕತ್ತು ಸವರಿದರೆ ಗಂಟಲಿಗೆ ಸಿಕ್ಕ ಮೀನಿನ ಮುಳ್ಳು ಇಳಿಯುತ್ತದೆ ಎಂದು ನಮ್ಮವರ ನಂಬಿಕೆ. ನಾನು ಕಾಲು ಮುಂದಾಗಿ ಬಂದವಳು. ನಡೆಯಲು ಬರುವ ಮೊದಲೇ ನನ್ನನ್ನು ಎತ್ತಿಕೊಂಡು ಹೋಗಿ ಯಾರ್ಯಾರದೋ ಕತ್ತಿಗೆ ನನ್ನ ಪುಟ್ಟ ಬೆರಳು ಸವರಿಸುತ್ತಿದ್ದರಂತೆ. ಈಗಲೂ ಊಟದ ಹೊತ್ತಿಗೆ ಯಾರಾದರೂ ಓಡಿ ಬಂದರೆ ನಾನು ಕೇಳುವುದು ಒಂದೇ, “ಯಾವ ಮೀನು?”

ಮೊನ್ನೆ ಸತ್ತವರ ಹಬ್ಬದ ದಿನ ಎಲ್ಲರೂ ಸ್ಮಶಾನದಲ್ಲಿ ಚಾಪೆ ಹಾಸಿ ಊಟಕ್ಕೆ ಕೂತಿದ್ದೆವು. ನಿನ್ನಪ್ಪನ ಗೋರಿಗೆ ಸುಣ್ಣ ಬಳಿಸಿದ್ದೇನೆ, ಚೆನ್ನಾಗಿ ಕಾಣುತ್ತದೆ. ನಮ್ಮ ಪಕ್ಕದ ಗೋರಿಯ ಹತ್ತಿರ ಊರಿನ ಮುಖಂಡ ಕಪ್ತಾನ್ ಮೆಲ್ಚೋರ್ ಸಂಸಾರ ಸಮೇತ ಕೂತಿದ್ದ. ಮೈತುಂಬ ಮುಳ್ಳಿರುವ ಬಾಂಗುಸ್ ಮೀನು ತಿನ್ನುತ್ತ ಮುಂದಿನ ಚುನಾವಣೆಯ ಭಾಷಣ ಶುರುಮಾಡಿದ. ಬಾಂಗುಸ್ ತಿನ್ನುವಾಗ ಬಾಯಿ ಮುಚ್ಚಿಕೊಂಡು ತಿನ್ನಬೇಕು ಎಂದು ಎರಡು ವರ್ಷದ ಕೂಸಿಗೂ ಗೊತ್ತು! ಮುಳ್ಳು ಅಡ್ಡ ಸಿಕ್ಕಿತು. ಕಣ್ಣು ಮೇಲೆ ಮಾಡಿಕೊಂಡು ಕೈ ಬೀಸಲು ಶುರುಮಾಡಿದ. ನಾನು ಹೋಗಿ ಹೆಬ್ಬೆರಳಿಂದ ಕತ್ತನ್ನು ಮೇಲಿಂದ ಕೆಳಕ್ಕೆ ಸವರಿದೆ, ಅವನು ನುಂಗಿದ, “ಹೋಯ್ತು! ಹೋಯ್ತು!” ಎಂದು ಕಿರುಚಿದ. ಬೆಬಾಂಗ್ ಅಲ್ಲೇ ಇದ್ದಳು. “ಹೋಗದಿದ್ರೂ ಚಿಂತೆಯಿಲ್ಲ ಕಪ್ತಾನ್ರೇ, ಹೊತ್ಕೊಂಡು ಬರೋ ಕೆಲಸ ಉಳೀತಿತ್ತು, ಇಲ್ಲೇ ಇದೀರಲ್ಲ” ಅಂದಳು. ಇಡೀ ಸ್ಮಶಾನ ನಕ್ಕಿತು. ಆಮೇಲೆ ಆ ಮನುಷ್ಯ ನನ್ನ ಕೈ ಹಿಡಿದು, “ಓಸಾಂಗಕ್ಕಾ, ನೀವಿದೀರಿ ಅಂತ ಈ ಊರು ಧೈರ್ಯವಾಗಿ ಮೀನು ತಿಂತಿದೆ. ನೀವು ಹೋದ್ಮೇಲೆ ನಮ್ಗ್ಯಾರು ಗತಿ? ಸೊಸೆಗೆ ಹೇಳಿ, ಹಾಗೇ ಹಡೀಲಿ ಅಂತ” ಎಂದ. ನನಗೆ ಎಲ್ಲಿತ್ತೋ ಸಿಟ್ಟು. “ನೀವು ಮೀನನ್ನ ನೋಡ್ಕೊಂಡು ತಿನ್ನೋದು ಕಲೀರಿ. ಅದು ಹೆರಿಗೆಗಿಂತ ಸುಲಭ” ಅಂದುಬಿಟ್ಟೆ. ಮರಿಫೆ ತಲೆ ತಗ್ಗಿಸಿ ಗೋರಿಯ ಮೇಣದಬತ್ತಿಯನ್ನು ಸರಿಮಾಡುತ್ತ ಕೂತಿದ್ದಳು.

ಬೆಬಾಂಗಳ ಅಂಗಡಿಯಲ್ಲಂತೂ ದಿನವೂ ಇದೇ ಕೋರ್ಟು. ಕೊಯ್ದು ತೆಗೆದ ಮಗು ಸುಹಿಯೋ ಅಲ್ಲವೋ ಎಂಬುದು ಪ್ರಶ್ನೆ. ಬೆಬಾಂಗಳ ತೀರ್ಪು ನೇರ. “ಬಾಗಿಲಿಂದ ಬಂದ್ರೆ ಸುಹಿ. ಕಿಟಕಿಯಿಂದ ಎತ್ಕೊಂಡ್ರೆ ಅದೆಂಥ ಸುಹಿ? ಅದಕ್ಕೆ ತಲೆನೂ ಒಂದೇ, ಕುಂಡಿನೂ ಒಂದೇ.” ಚರ್ಚಿನ ಗಂಟೆ ಹೊಡೆಯುವ ತಾತ ಸಿಗರೇಟು ಹಚ್ಚಲು ಬಂದವನು ಅಡ್ಡಬಾಯಿ ಹಾಕಿದ. “ಬಸುರಿಯರನ್ನ ಕಾಯೋ ಸಂತ ರಮೋನನೇ ಕಿಟಕಿಯಿಂದ ಬಂದವನು, ಗೊತ್ತಾ? ತಾಯಿ ಹೊಟ್ಟೆ ಸೀಳಿ ತೆಗೆದ್ರಂತೆ. ಸಂತ ಆಗೋದಕ್ಕೆ ಅದೇನೂ ಅಡ್ಡಿ ಬರ್ಲಿಲ್ಲ.” ಬೆಬಾಂಗ್ ಬಿಡುತ್ತಾಳೆಯೇ? “ಸಂತ ಆಗ್ಬಹುದು ತಾತಾ, ಮುಳ್ಳು ಇಳಿಸ್ತಿದ್ನಾ, ಅದು ಹೇಳು!” ಅಂದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಸೋಪು ಕೊಳ್ಳಲು ಬಂದಿದ್ದ ಮರಿಫೆಯೂ ನಕ್ಕಳು, ಆದರೆ ಬಾಯಿ ಮಾತ್ರ ನಕ್ಕಿತು. ಮನೆಗೆ ಬಂದ ಮೇಲೆ ನೋಡಿದರೆ, ಆ ಸೋಪನ್ನು ಅಂಗಡಿಯಲ್ಲೇ ಮರೆತು ಬಂದಿದ್ದಳು.

ಸುಳ್ಳು ಏಕೆ ಹೇಳಲಿ, ನನಗೂ ಆಸೆ ಇದೆ. ನನ್ನ ಮೊಮ್ಮಗು ನನ್ನ ಹಾಗೇ ಬಂದರೆ, ನಾನು ಕಣ್ಣು ಮುಚ್ಚಿದ ಮೇಲೂ ಜನ ನಮ್ಮ ಮನೆ ಬಾಗಿಲಿಗೆ ಓಡಿ ಬಂದರೆ ಎಂದು ಮನಸ್ಸು ಮಂಡಿಗೆ ತಿನ್ನುತ್ತದೆ. ಮುದುಕಿಯ ಆಸೆ, ಅದಕ್ಕೆ ಕಾಸು ಖರ್ಚಿಲ್ಲ. ಆದರೆ ಆಸೆ ನನ್ನದು, ಹೆರುವ ಮೈ ಅವಳದು. ಅಷ್ಟು ಬುದ್ಧಿ ದೇವರು ನನಗೆ ಕೊಟ್ಟಿದ್ದಾನೆ.

ನಿನ್ನೆ ಆಸ್ಪತ್ರೆಗೆ ಹೋಗಿದ್ದೆವು. ಮೊದಲು ನೋಡಿದ ಚಿಕ್ಕ ಡಾಕ್ಟರು ಒಂದೇ ಮಾತು ಹೇಳಿದ, “ಆಪರೇಷನ್ ಮಾಡ್ಬಿಡೋಣ, ಇಂಥ ಹೆರಿಗೆ ನಾನು ಮಾಡ್ಸಿಲ್ಲ, ಮಾಡಿಸ್ತೀನಿ ಅಂತ ಸುಳ್ಳು ಹೇಳಲ್ಲ.” ಅವನ ಪ್ರಾಮಾಣಿಕತೆ ನನಗೆ ಹಿಡಿಸಿತು. ಆಮೇಲೆ ಆ ದೊಡ್ಡ ಡಾಕ್ಟರಮ್ಮ, ಎವಾಂಜೆಲಿಸ್ತಾ, ನಮ್ಮನ್ನು ಒಳಗೆ ಕೂರಿಸಿಕೊಂಡು ಎರಡನ್ನೂ ಬಿಡಿಸಿ ಹೇಳಿದರು. ನೀನು ತಿಳಿದಿರಬೇಕು, ಆದ್ದರಿಂದ ಅವರು ಹೇಳಿದಂತೆಯೇ ಬರೆಯುತ್ತೇನೆ. “ನೋಡು ಮಗಳೇ, ಕೊಯ್ದು ತೆಗೆದ್ರೆ ಮಗುವಿಗೆ ಸ್ವಲ್ಪ ಹೆಚ್ಚು ಕ್ಷೇಮ. ಆದ್ರೆ ನಿನ್ನ ಹೊಟ್ಟೆ ಮೇಲೆ ಗಾಯ ಆಗತ್ತೆ, ಚೇತರಿಸ್ಕೊಳ್ಳೋಕೆ ದಿನ ಹಿಡಿಯತ್ತೆ, ಮುಂದಿನ ಬಸುರೀಲಿ ಆ ಗಾಯದ ಮೇಲೆ ಕಣ್ಣಿಡ್ಬೇಕು. ಹಾಗೇ ಹೆರೋದಾದ್ರೆ, ಮೈ ಮೊದ್ಲು ಬಂದು ತಲೆ ಕೊನೇಲಿ ಬರತ್ತೆ. ತಲೆನೇ ದೊಡ್ಡದು. ಅಲ್ಲಿ ತಡ ಆದ್ರೆ ಕಷ್ಟ. ನಿನ್ನ ಮಗು ತೀರಾ ದಪ್ಪ ಇಲ್ಲ, ಗದ್ದ ಎದೆಗೆ ಒತ್ಕೊಂಡಿದೆ, ನಿನ್ನ ಸೊಂಟದಲ್ಲಿ ಜಾಗ ಇದೆ. ಹಾಗಾಗಿ ಆಗಲ್ಲ ಅಂತ ನಾನು ಹೇಳಲ್ಲ, ಪಕ್ಕದ ಕೋಣೇಲಿ ಆಪರೇಷನ್ನಿಗೆ ಎಲ್ಲಾ ಸಿದ್ಧ ಇಟ್ಕೊಂಡು ಮಾಡಿಸ್ತೀನಿ. ನಡುವೆ ಸರಿ ಕಾಣ್ಲಿಲ್ಲ ಅಂದ್ರೆ ಕೊಯ್ಯೋದೇ. ನಾನಿಲ್ಲದ ದಿನ ನೋವು ಬಂದ್ರೂ ಕೊಯ್ಯೋದೇ. ಎರಡು ದಾರೀಲೂ ತಾಯಿ ಮಗು ನಗ್ತಾ ಮನೆಗೆ ಹೋಗಿರೋದನ್ನ ನೋಡಿದೀನಿ. ಎರಡರಲ್ಲೂ ಅಪಾಯ ಇಲ್ಲ ಅಂತ ಮಾತ್ರ ಯಾರಾದ್ರೂ ಹೇಳಿದ್ರೆ ನಂಬಬೇಡ.”

ಅಷ್ಟು ಹೊತ್ತಿಗೆ ನಮ್ಮ ಊರಿನವಳೇ ಆದ ನರ್ಸು, “ಡಾಕ್ಟ್ರೇ, ಈ ಅಜ್ಜಿನೇ ಸುಹಿ! ನಮ್ಮಣ್ಣನ ಮುಳ್ಳು ಇಳ್ಸಿದಾರೆ” ಎಂದು ಬಾಯಿ ಹಾಕಿದಳು. ಡಾಕ್ಟರಮ್ಮ ನಕ್ಕು ನನ್ನ ಕಡೆ ತಿರುಗಿ, “ಹೌದಾ? ಹಾಗಾದ್ರೆ ನಿಮ್ತಾಯಿ ಗಟ್ಟಿಗಿತ್ತಿ. ಹೆರಿಗೆ ಆದ್ಮೇಲೆ ಹೇಗಿದ್ರು?” ಎಂದು ಕೇಳಿದರು.

“ಆಮೇಲೆ ಇರ್ಲಿಲ್ಲ” ಎಂದೆ.

ಇಷ್ಟು ವಯಸ್ಸಾಯಿತು, ಇದನ್ನು ನನ್ನನ್ನು ಯಾರೂ ಕೇಳಿರಲಿಲ್ಲ ಮಗಾ. ಊರಲ್ಲಿ ಎಲ್ಲರಿಗೂ ಗೊತ್ತು, ನಿನಗೂ ಗೊತ್ತು, ಆದರೆ ನಾನು ಹುಟ್ಟಿದ ಕತೆಯನ್ನು ಹೇಳುವಾಗ ಎಲ್ಲರೂ ನನ್ನ ಕಾಲಿನವರೆಗೆ ಹೇಳಿ ನಿಲ್ಲಿಸುತ್ತಾರೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಎಲ್ಲಿ ಹೆರಿಗೆಯಾಯಿತು, ಯಾರು ಮಾಡಿಸಿದರು ಎಂದು ಕೇಳಿದರು. ಹೇಳಿದೆ. ಗುಡ್ಡದ ಮೇಲಿನ ಮನೆ, ಕೆಳಗೆ ಹೊಳೆ ಉಕ್ಕಿ ದಾರಿಯಿರಲಿಲ್ಲ, ಮನೆಯಲ್ಲಿದ್ದವಳು ಇನ್ನೂ ಮದುವೆಯಾಗದ ನನ್ನ ಚಿಕ್ಕಮ್ಮ ಒಬ್ಬಳೇ. ನನ್ನ ಕಾಲು ಬಂತು, ಮೈ ಬಂತು, ತಲೆ ಬರಲಿಲ್ಲ. ಚಿಕ್ಕಮ್ಮ ಅಳುತ್ತ ಎಳೆದಳಂತೆ. ನಾನು ಬಂದ ಮೇಲೆ ಅಮ್ಮನ ರಕ್ತ ನಿಲ್ಲಲಿಲ್ಲ. ಡಾಕ್ಟರಮ್ಮ ಮರಿಫೆಯನ್ನೇ ನೋಡಿ ನಿಧಾನವಾಗಿ ಹೇಳಿದರು, “ಅದನ್ನ ಇದಕ್ಕೆ ಹೋಲಿಸ್ಬೇಡ. ಆವಾಗ ರಕ್ತ ನಿಲ್ಲಿಸೋ ಇಂಜೆಕ್ಷನ್ ಇರ್ಲಿಲ್ಲ, ತಿಳಿದೋರು ಯಾರೂ ಹತ್ರ ಇರ್ಲಿಲ್ಲ. ತಲೆ ಕೆಳಗಿದ್ದ ಮಗು ಆಗಿದ್ರೂ ಹಾಗೇ ಆಗ್ಬಹುದಾಗಿತ್ತು. ಹೆದರಿಕೊಂಡು ಆಪರೇಷನ್ ಅನ್ಬೇಡ, ನಾಚ್ಕೊಂಡು ನಾರ್ಮಲ್ ಅನ್ಬೇಡ. ನಿಂಗೇನು ಬೇಕು, ಅದು ಹೇಳು.”

ಮರಿಫೆ ನೆಲ ನೋಡುತ್ತ, “ನಾರ್ಮಲ್ಲೇ ಇರ್ಲಿ ಡಾಕ್ಟ್ರೇ” ಅಂದಳು. ನೋವು ತಿನ್ನುವ ಧೈರ್ಯವಿದ್ದು ಹೇಳುವವಳ ದನಿ ಅದಲ್ಲ. ಹಾಗೆ ಹೇಳುವವಳಾಗಿದ್ದರೆ ನಾನು ಖುಷಿಯಾಗಿ ಬೆನ್ನು ತಟ್ಟುತ್ತಿದ್ದೆ. ಡಾಕ್ಟರಮ್ಮನಿಗೂ ಅದು ತಿಳಿಯಿತು. “ಇವತ್ತು ನಾನು ಇದನ್ನ ಬರ್ಕೊಳ್ಳಲ್ಲ. ಸೋಮವಾರ ಬಾ” ಎಂದು ಕಳಿಸಿದರು.

ಜೀಪಿನಲ್ಲಿ ಬರುವಾಗ ಅವಳು ಉದ್ದಕ್ಕೂ ಸಮುದ್ರದ ಕಡೆಗೇ ನೋಡುತ್ತಿದ್ದಳು. ದೂರದಲ್ಲಿ ಯಾವುದೋ ಸರಕಿನ ಹಡಗು ಹೋಗುತ್ತಿತ್ತು. ಅದು ನಿನ್ನದಲ್ಲ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು, ಆದರೂ ತಿರುವಿನಲ್ಲಿ ಅದು ಮರೆಯಾಗುವವರೆಗೆ ಇಬ್ಬರೂ ಕತ್ತು ಚಾಚಿದೆವು. ನೀನು ಈಗ ಇಲ್ಲಿರಬೇಕಿತ್ತು ಡೆಲ್ಫಿನ್. ಬೈಯುತ್ತಿಲ್ಲ, ನೀನು ಯಾರಿಗಾಗಿ ಆ ಬೆಂಕಿಯ ಕೋಣೆಯಲ್ಲಿ ಬೇಯುತ್ತಿದ್ದೀಯ ಎಂದು ತಿಳಿಯದವಳಲ್ಲ ನಾನು. ಆದರೂ ಅವಳು ಹೊಟ್ಟೆ ಹಿಡಿದುಕೊಂಡು ಮೆಟ್ಟಿಲು ಹತ್ತುವಾಗ ಹಿಂದೆ ನಾನು ನಿಲ್ಲುತ್ತೇನೆ, ಬಿದ್ದರೆ ಹಿಡಿಯಲು. ನನ್ನ ತೂಕ ಎಷ್ಟು, ಅವಳ ತೂಕ ಎಷ್ಟು! ಬಿದ್ದರೆ ಇಬ್ಬರೂ ಒಟ್ಟಿಗೇ ಉರುಳುತ್ತೇವೆ. ಆ ಜಾಗ ನಿನ್ನದು.

ಮನೆಗೆ ಬಂದ ಮೇಲೆ ಅವಳು ಮಲಗಿದಳು, ನಾನು ಕನ್ನಡಿಯ ಮುಂದೆ ನಿಂತೆ. ನಗಬೇಡ. ನಮ್ಮಮ್ಮನ ಒಂದು ಫೋಟೋ ಕೂಡ ಇಲ್ಲ. ಅವಳ ಹಣೆ, ಕಣ್ಣು ನನಗೆ ಬಂದಿದೆ, ಬಾಯಿ ಮಾತ್ರ ನನ್ನಪ್ಪನದು ಎಂದು ಚಿಕ್ಕಮ್ಮ ಹೇಳುತ್ತಿದ್ದಳು. ಅದಕ್ಕೇ ಆಗಾಗ ಮೂಗಿನ ಕೆಳಗೆ ಕೈ ಅಡ್ಡ ಹಿಡಿದು ಕನ್ನಡಿ ನೋಡುತ್ತೇನೆ, ಅಷ್ಟಾದರೂ ಅವಳನ್ನು ನೋಡಿದಂತಾಗಲಿ ಎಂದು. ಈಗ ನನ್ನ ಹಣೆಯ ತುಂಬ ಸುಕ್ಕು. ಅವಳು ಸತ್ತಾಗ ಮರಿಫೆಗಿಂತ ಚಿಕ್ಕವಳು. ಈ ಹಣೆಯಲ್ಲಿ ಅವಳು ಇನ್ನು ಸಿಗುವುದಿಲ್ಲ.

ಸಾಕು, ಕಣ್ಣಲ್ಲಿ ನೀರು ತಂದುಕೊಂಡು ಎಂಜಿನ್ನಿಗೆ ಏನಾದರೂ ಮಾಡಿಬಿಟ್ಟೀಯ. ಡಬ್ಬಿಯಲ್ಲಿ ಆರಾರೂಟಿನ ಬಿಸ್ಕತ್ತು ಇದೆ, ಪುಡಿಯಾಗಿದ್ದರೆ ಚಮಚದಲ್ಲಿ ತಿನ್ನು. ಒಣಮೀನನ್ನು ಎರಡು ಚೀಲದೊಳಗೆ ಕಟ್ಟಿದ್ದೇನೆ, ಆದರೂ ವಾಸನೆ ಬಂದರೆ ರೆನಾಂತೆಯ ಬಟ್ಟೆಯದು ಎಂದುಬಿಡು. ಒಡನಾಡಿಗಳಿಗೆಲ್ಲ ನನ್ನ ನೆನಪು ಹೇಳು, ನಿನ್ನ ಸಿಡುಕು ಮುಖದ ಮುಖ್ಯ ಎಂಜಿನಿಯರನಿಗೂ ಹೇಳು, ಹುಡುಗರ ಮೇಲೆ ಕೂಗಾಡಬೇಡ ಅನ್ನು. ಸಮುದ್ರ ನಿನ್ನನ್ನು ಹೊತ್ತು ಬೇಸರಪಡದಿರ‍ಲಿ, ಸಂತ ರಮೋನ ನಿನ್ನ ಹೆಂಡತಿಯ ಬದಿ ಬಿಟ್ಟು ಕದಲದಿರಲಿ, ನನ್ನ ಕೈ ನಿನ್ನ ತಲೆಯ ಮೇಲಿದೆ ಎಂದುಕೊಂಡು ಮಲಗು.

ಇಲ್ಲಿ ದಾರಿ ನೋಡುತ್ತಿರುವ
ನಿನ್ನ ಅಮ್ಮ
ಓಸಾಂಗ್

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ಲಕೋಟೆಗೆ ಅಂಟು ಹಚ್ಚಬೇಕು ಎನ್ನುವಷ್ಟರಲ್ಲಿ ಮನಸ್ಸು ಕೇಳಲಿಲ್ಲ. ಹೊರಗೆ ರೆನಾಂತೆಯ ಆಟೋ ಹಾರ್ನು ಹೊಡೆಯುತ್ತಿದೆ, ಬೆಬಾಂಗ್ “ದೋಣಿ ತಪ್ಪತ್ತೆ ಕಣೇ, ಮಹಾಕಾವ್ಯ ಬರೀತಿದೀಯಾ?” ಎಂದು ಬೈಯುತ್ತಿದ್ದಾಳೆ. ಅಕ್ಷರ ಸೊಟ್ಟಗಿದ್ದರೆ ಕೂಡಿಸಿಕೊಂಡು ಓದು.

ಮಗು ಕೂತಿದೆ ಎಂದು ಮರಿಫೆ ತಿಳಿಸಿದಾಗ, ಹಡಗು ಹೊರಡುವ ಮೊದಲು ನೀನು ಫೋನಿಗೆ ಮಾತು ತುಂಬಿಸಿ ಕಳಿಸಿದ್ದೆ, ನೆನಪಿದೆಯೇ? “ಕೊಯ್ಯೋದು ಗಿಯ್ಯೋದು ಏನೂ ಬೇಡ ಕಣೇ. ಅಮ್ಮನ ನಂತ್ರ ನಮ್ಮನೇಲೊಬ್ಬ ಸುಹಿ ಬೇಕಲ್ಲ! ಹಾಗೇ ಹಡೆದು ಕೊಡು ನಂಗೆ” ಅಂದೆ. ಅಂದು ನಕ್ಕೆ. ನಿನಗೆ ನೆನಪಿರಲಿಕ್ಕಿಲ್ಲ, ಆದರೆ ನನಗೆ ಬಾಯಿಪಾಠವಾಗಿದೆ, ಏಕೆಂದರೆ ಆಮೇಲೆ ನಿನ್ನಿಂದ ಬೇರೆ ಮಾತು ಬಂದಿಲ್ಲ, ಅವಳು ಆ ನಾಲ್ಕು ಮಾತನ್ನೇ ದಿನವೂ ಕಿವಿಗೆ ಹಚ್ಚಿಕೊಂಡು ಕೇಳುತ್ತಾಳೆ. ಇವತ್ತು ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚುತ್ತ, “ನಿಜ ಹೇಳು ಮಗಳೇ, ನಿನ್ನ ಮನಸ್ಸಲ್ಲೇನಿದೆ?” ಎಂದು ಕೇಳಿದೆ. ಆಗ ಹೇಳಿದಳು, “ನಂಗೆ ಭಯ ಆಗತ್ತೆ ಅಮ್ಮಾ. ಆದ್ರೆ ಅವ್ರು ಇದುವರೆಗೂ ನನ್ನತ್ರ ಏನೂ ಕೇಳಿದೋರಲ್ಲ. ಇದೊಂದು ಕೇಳಿದಾರೆ.”

ತಮಾಷೆಗೆ ಅಂದಿರ್ತಾನೆ ಕಣೇ ಎಂದೆ. ನಾನು ಹೇಳಿದರೆ ಅವಳು ನಂಬುತ್ತಾಳೆಯೇ? ನೀನೇ ಹೇಳಬೇಕು, ಭಾನುವಾರವೇ ಹೇಳಬೇಕು. ಆಪರೇಷನ್ ಮಾಡಿಸ್ಕೋ ಅನ್ನಬೇಡ, ಬೇಡ ಅಂತಲೂ ಅನ್ನಬೇಡ. ನಕ್ಕು ಹೇಳಿದ ಮಾತು ಅದು, ಬಿಟ್ಟುಬಿಡು ಅನ್ನು. ನಿನಗೇನು ಬೇಕು ಎಂದು ಕೇಳು, ಅವಳು ಹೇಳಿ ಮುಗಿಸುವವರೆಗೆ ಬಾಯಿ ಬಿಗಿಹಿಡಿದು ಕೂತಿರು. ಭಯವೆಲ್ಲ ಇಳಿದ ಮೇಲೂ ಅವಳೇ ನಾರ್ಮಲ್ ಎಂದರೆ ಹಾಗೇ ಆಗಲಿ, ನಾನು ಬದಿಯಲ್ಲಿರುತ್ತೇನೆ, ಆ ಡಾಕ್ಟರಮ್ಮನ ಕೈ ಒಳ್ಳೆಯದು. ಕೊಯ್ಯಲಿ ಎಂದರೂ ಹಾಗೇ ಆಗಲಿ.

ಊರಿನವರ ಗಂಟಲಿನ ಚಿಂತೆ ನಿನಗೆ ಬೇಡ. ಸುಹಿ ಸುಹಿ ಎಂದು ಎಲ್ಲರೂ ನನ್ನ ಕೈಯನ್ನು ಕಣ್ಣಿಗೊತ್ತಿಕೊಳ್ಳುತ್ತಾರೆ, ಈ ಕೈಗುಣ ನಿನಗೆ ಬೇಕಾಗಿತ್ತೇ ಎಂದು ಒಬ್ಬರೂ ಕೇಳಲಿಲ್ಲ. ಬೇಕಾಗಿರಲಿಲ್ಲ ಮಗಾ. ನನಗೆ ಅಮ್ಮ ಬೇಕಾಗಿದ್ದಳು.